ಬೆಂಕಿಗೆ ಇಲಾಖೆ ಇದೆ, ಹೊಗೆಗೆ ಯಾರಿದ್ದಾರೆ?

ಚಿಕ್ಕಮಗಳೂರಿನ ಗಾಳಿ ಕೆಡುತ್ತಿದೆ ಅಂದರೆ ಬೆಂಗಳೂರಿನವರು ನಗುತ್ತಾರೆ. ಶುಕ್ರವಾರ ರಾತ್ರಿ ಕಾರು ಹತ್ತಿ ಅವರು ಇಲ್ಲಿಗೆ ಬರುವುದೇ ಒಳ್ಳೆ ಗಾಳಿಗೆ ಅಲ್ವಾ. ಮಳೆಗಾಲದಲ್ಲಿ, ಅದು ಮುಗಿದ ಮೇಲಿನ ಎರಡು ಮೂರು ತಿಂಗಳಲ್ಲಿ ಇಲ್ಲಿನ ಗಾಳಿ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ತಕರಾರಿಲ್ಲ. ನಾನು ಹೇಳುತ್ತಿರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮಾತು. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ಆ ವಾರಗಳಲ್ಲಿ ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರ, ಆ ಕಡೆ ಸಕಲೇಶಪುರದಲ್ಲಿ ಬೆಳಗ್ಗೆ ಬಾಗಿಲು ತೆಗೆದರೆ ಕೆಲವು ದಿನ ಕಣಿವೆಯಲ್ಲಿ ಬೆಳ್ಳಗೆ ಏನೋ ಕೂತಿರುತ್ತದೆ. ಪ್ರವಾಸಿಗರು ಮಂಜು ಅಂತ ಫೋಟೋ ತೆಗೆದುಕೊಳ್ಳುತ್ತಾರೆ. ಮೂಗಿಗೆ ಮಾತ್ರ ಗೊತ್ತಾಗುತ್ತದೆ, ಅದು ಹೊಗೆ.

ಬೆಂಕಿಯ ಸುದ್ದಿ ಪ್ರತಿ ವರ್ಷ ಬರುತ್ತದೆ. ಒಂದು ವರ್ಷ ಮುಳ್ಳಯ್ಯನಗಿರಿ ಸಾಲು, ಒಂದು ವರ್ಷ ಚಾರ್ಮಾಡಿಯ ಗುಡ್ಡ, ಮತ್ತೊಂದು ವರ್ಷ ಬಿಸಿಲೆ ಕಡೆ. ಎಷ್ಟೋ ಎಕರೆ ಹುಲ್ಲು ಭಸ್ಮ, ಕಿಡಿಗೇಡಿಗಳ ಕೃತ್ಯ ಶಂಕೆ, ಸಿಬ್ಬಂದಿ ಹರಸಾಹಸ. ಊರಿನ ಹೆಸರು ಬದಲಾಯಿಸಿದರೆ ಹಳೇ ಸುದ್ದಿಯನ್ನೇ ಮತ್ತೆ ಹಾಕಬಹುದು. ಆದರೆ ಆ ಬೆಂಕಿಯ ಹೊಗೆ ಎಲ್ಲಿಗೆ ಹೋಯಿತು, ಯಾರ ಎದೆಗೆ ಹೋಯಿತು ಅನ್ನೋದು ಸುದ್ದಿಯಲ್ಲೂ ಇರುವುದಿಲ್ಲ, ಸರ್ಕಾರದ ಯಾವ ಫೈಲಿನಲ್ಲೂ ಇರುವುದಿಲ್ಲ. ಕಾನೂನು ಜಾರಿ ಇಲ್ಲಿ ಯಾಕೆ ಇಷ್ಟು ಸಡಿಲ ಅಂತ ಕೇಳಿದರೆ ನನ್ನ ಉತ್ತರ ಇದೇ: ಸುಟ್ಟ ನೆಲಕ್ಕೆ ಲೆಕ್ಕ ಇಡಲು ಒಂದು ಇಲಾಖೆ ಇದೆ, ಕೆಟ್ಟ ಗಾಳಿಗೆ ಯಾರೂ ಇಲ್ಲ.

ಮೊದಲು ಬೆಂಕಿ ಹೇಗೆ ಬೀಳುತ್ತದೆ ನೋಡೋಣ. ನಮ್ಮ ಕಡೆ ಬೇಸಿಗೆಯ ಸಿಡಿಲು ಸಾಮಾನ್ಯವಾಗಿ ಮಳೆ ಜೊತೆಗೇ ಬರುತ್ತದೆ. ಬಿದಿರು ಉಜ್ಜಿ ಕಿಡಿ ಹುಟ್ಟುತ್ತದೆ ಅನ್ನುವ ಕಥೆ ಕೇಳಲು ಚೆನ್ನಾಗಿದೆ, ಅಷ್ಟೇ. ಕಾಡಿನ ಬೆಂಕಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರಿಂದಲೇ. ಹೊಸ ಹುಲ್ಲು ಚಿಗುರಲಿ ಅಂತ ದನ ಮೇಯಿಸುವವರು ಹಚ್ಚುತ್ತಾರೆ. ಜೇನು ಇಳಿಸಲು ಹೊಗೆ ಹಾಕಿದವರು ಪಂಜು ಅಲ್ಲೇ ಬಿಟ್ಟು ಬರುತ್ತಾರೆ. ಬೇಟೆಯವರು ದಾರಿ ಕಾಣಲಿ ಅಂತ ತರಗು ಸುಡುತ್ತಾರೆ. ರಸ್ತೆ ಬದಿ ಬೀಡಿ ತುಂಡು, ಗುಡ್ಡದ ಮೇಲೆ ಕ್ಯಾಂಪ್‌ಫೈರ್, ಹೋಮ್‌ಸ್ಟೇ ಜಾಗ ಸಮ ಮಾಡಲು ಲಂಟಾನ ಅನ್ನುವ ಕಳೆ ಪೊದೆ ಕಡಿದು ರಾಶಿ ಹಾಕಿ ಹಚ್ಚುವುದು, ಹಾಸನದ ಕಡೆ ಶುಂಠಿಗೆ ಜಾಗ ಬಿಡಿಸಲು ಕುರುಚಲು ಸುಡುವುದು, ಇವೆಲ್ಲ ಸೇರುತ್ತವೆ. ಇನ್ನೊಂದು ಇದೆ, ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ: ಅರಣ್ಯ ಇಲಾಖೆ ಮೇಲಿನ ಸಿಟ್ಟು. ಒತ್ತುವರಿ ನೋಟಿಸ್ ಬಂತು, ಸೆಕ್ಷನ್ 4 ಅಂದರು (ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಮೊದಲ ಅಧಿಸೂಚನೆ), ಡೀಮ್ಡ್ ಫಾರೆಸ್ಟ್ ಅಂದರು (ಅಧಿಸೂಚನೆ ಇಲ್ಲದಿದ್ದರೂ ಅರಣ್ಯ ಅಂತ ಪರಿಗಣಿಸಿದ ಜಾಗ), ಮೇವಿಗೆ ಬಿಡಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಒಂದು ಬೆಂಕಿಕಡ್ಡಿ ಸಾಕು.

ಎಲ್ಲ ಬೆಂಕಿಯ ಹೊಗೆಯೂ ಒಂದೇ ಅಲ್ಲ. ಬಾಬಾಬುಡನ್‌ಗಿರಿ, ಕುದುರೆಮುಖದ ಬೋಳುಗುಡ್ಡದ ಹುಲ್ಲು ದೊಡ್ಡ ಜ್ವಾಲೆಯಾಗಿ ಬೇಗ ಉರಿದು ಮುಗಿಯುತ್ತದೆ. ರಾತ್ರಿ ದೂರದಿಂದ ಕಾಣುವ ಬೆಂಕಿ ಮಾಲೆ ಅದು, ವಿಡಿಯೋದಲ್ಲಿ ಭಯಾನಕವಾಗಿ ಕಾಣುತ್ತದೆ. ಹೊಗೆಯ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟದ್ದು ಭದ್ರಾ ಅಂಚಿನಂಥ ಎಲೆ ಉದುರುವ ಕಾಡಿನ ಬೆಂಕಿ. ಅಲ್ಲಿ ತರಗೆಲೆ, ಒಣ ಬಿದಿರು, ಬಿದ್ದ ದಿಮ್ಮಿ, ಲಂಟಾನದ ಪೊದೆ. ಜ್ವಾಲೆ ಹೋದ ಮೇಲೂ ಒಳಗೊಳಗೆ ದಿನಗಟ್ಟಲೆ ಕನಲುತ್ತದೆ. ಅರೆಬೆಂದ ಹಾಗೆ ಉರಿಯುವಾಗ ಪಿಎಂ 2.5 ಅನ್ನುವ ಸಣ್ಣ ಕಣ ಮತ್ತು ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬರುತ್ತವೆ. ಬೆಂಕಿ ಆರಿಸಿದೆವು ಅಂತ ಇಲಾಖೆ ಹೇಳುವ ಹೊತ್ತಿಗೆ ಹೊಗೆಯ ಕೆಟ್ಟ ಭಾಗ ಶುರುವಾಗಿರುತ್ತದೆ.

ಆಮೇಲೆ ನಮ್ಮ ಗುಡ್ಡಗಳ ಆಕಾರ. ಹಗಲು ಬಿಸಿಲಿಗೆ ಗಾಳಿ ಇಳಿಜಾರಿನಲ್ಲಿ ಮೇಲೆ ಹತ್ತುತ್ತದೆ, ಹೊಗೆಯೂ ಮೇಲೆ ಹೋಗಿ ಚದುರುತ್ತದೆ. ರಾತ್ರಿ ತಣ್ಣನೆ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆ, ಹೊಗೆಯನ್ನೂ ಎಳೆದುಕೊಂಡು ಬರುತ್ತದೆ. ಮೇಲಿನ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂತೆ ಕೂರುತ್ತದೆ. ಊರು ಇರುವುದೂ, ಎಸ್ಟೇಟ್ ಲೈನ್ ಮನೆಗಳಿರುವುದೂ, ಗದ್ದೆ ಇರುವುದೂ ಕಣಿವೆಯಲ್ಲೇ. ಹಾಗಾಗಿ ನಡುರಾತ್ರಿಯಿಂದ ಬೆಳಗ್ಗೆ ಎಂಟರವರೆಗೆ ಜನ ಮಲಗಿರುವಾಗಲೇ ಹೊಗೆ ಅತಿ ದಟ್ಟ. ಹನ್ನೊಂದು ಗಂಟೆಗೆ ಗಾಳಿ ಎದ್ದರೆ ಆಕಾಶ ನೀಲಿ, ಏನೂ ಆಗಿಲ್ಲವೇನೋ ಅನ್ನುವ ಹಾಗೆ.

ಇದು ಅಳತೆಯಲ್ಲಿ ಏನಾಗುತ್ತದೆ ನೋಡಿ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಪಿಎಂ 2.5 ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಎರಡೂ 24 ಗಂಟೆಯ ಸರಾಸರಿ. ಈಗ ಸುಮ್ನೆ ಒಂದು ಲೆಕ್ಕ ಹಾಕಿ. ನಿಮ್ಮ ಊರಿನಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ, ಅಂದರೆ 6 ಗಂಟೆ, ಹೊಗೆ 150 ಇದೆ ಅಂದುಕೊಳ್ಳಿ. ಉಳಿದ 18 ಗಂಟೆ 25. ಸರಾಸರಿ 56 ಚಿಲ್ಲರೆ ಬರುತ್ತದೆ. ಮಾನದಂಡದ ಒಳಗೇ! ಎಕ್ಯುಐ ಅನ್ನುವ ಗಾಳಿ ಗುಣಮಟ್ಟದ ಸೂಚ್ಯಂಕದ ಪಟ್ಟಿಯಲ್ಲಿ ಆ ದಿನಕ್ಕೆ 'ತೃಪ್ತಿಕರ' ಅಂತ ಹಸಿರು ಬಣ್ಣ ಬೀಳುತ್ತದೆ. ಆರು ಗಂಟೆ ಕೆಮ್ಮಿದ ಮಗುವಿಗೆ ಮಧ್ಯಾಹ್ನದ ಒಳ್ಳೆ ಗಾಳಿಯ ಅಂಕ ಸೇರಿಸಿ ಪಾಸು ಮಾಡಿದ ಹಾಗಾಯಿತು.

ಅದೂ ಅಳೆಯುವ ಯಂತ್ರ ಇದ್ದರೆ. ಚಿಕ್ಕಮಗಳೂರು ನಗರದ ಕಲ್ಯಾಣ ನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಂದು ನಿರಂತರ ಮಾಪನ ಕೇಂದ್ರ ಇದೆ. ಒಳ್ಳೆಯದೇ. ಆದರೆ ಅದು ಅಳೆಯುವುದು ಆ ಬಡಾವಣೆಯ ಸುತ್ತಲಿನ ಗಾಳಿಯನ್ನು. ಕಳಸದ ಕಡೆ ಗುಡ್ಡ ಉರಿದರೆ, ಚಾರ್ಮಾಡಿಯಲ್ಲಿ ಹೊಗೆ ಎದ್ದರೆ, ಅಷ್ಟು ದೂರದ ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಕೇಂದ್ರ ಸರ್ಕಾರ 2019ರಲ್ಲಿ ತಂದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ವರ್ಷದ ಲೆಕ್ಕ ನೋಡಿ ನಗರಗಳನ್ನು ಆರಿಸಿದ ಪಟ್ಟಿ ಅದು. ಒಂಬತ್ತು ತಿಂಗಳು ಚೆನ್ನಾಗಿದ್ದು ಮೂರು ತಿಂಗಳು ಕೆಡುವ ಮಲೆನಾಡಿಗೆ ಅಂಥ ಪಟ್ಟಿಯಲ್ಲಿ ಜಾಗವೇ ಇಲ್ಲ. ಜಾಗ ಇಲ್ಲ ಅಂದರೆ ಅದರ ದುಡ್ಡು ಇಲ್ಲ, ಅಂಥ ಕಾರ್ಯಯೋಜನೆ ಇಲ್ಲ, ಪ್ರಗತಿ ವರದಿ ಕೇಳುವವರೂ ಇಲ್ಲ.

ಕಾನೂನು ಇಲ್ಲ ಅಂತ ಮಾತ್ರ ಯಾರೂ ಹೇಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 30 ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನೂ, ಅಪಾಯವಾಗುವ ಹಾಗೆ ಬೆಂಕಿ ಬಿಟ್ಟು ಬರುವುದನ್ನೂ ನೇರವಾಗಿ ತಡೆಯುತ್ತದೆ. 3 ವರ್ಷದವರೆಗೆ ಜೈಲು, 2022ರ ತಿದ್ದುಪಡಿ ಆದ ಮೇಲೆ 1 ಲಕ್ಷದವರೆಗೆ ದಂಡ. ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಮೀಸಲು ಅರಣ್ಯಕ್ಕೆ ಇಂಥದ್ದೇ ನಿಷೇಧ ಇದೆ. 1981ರ ವಾಯು ಕಾಯ್ದೆಯ ಸೆಕ್ಷನ್ 19(5) ಪ್ರಕಾರ ಗಾಳಿ ಕೆಡಿಸುವ ವಸ್ತುಗಳನ್ನು ಸುಡುವುದನ್ನು ರಾಜ್ಯ ಸರ್ಕಾರ ಒಂದು ಅಧಿಸೂಚನೆಯಲ್ಲೇ ನಿಷೇಧಿಸಬಹುದು. ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಪೌರಕಾರ್ಮಿಕರೇ ಗುಡಿಸಿದ ಎಲೆಗೆ ರಸ್ತೆ ಬದಿಯಲ್ಲಿ ಕಡ್ಡಿ ಗೀರುವುದನ್ನು ನೀವೂ ನೋಡಿರುತ್ತೀರಿ, ಆ ದಂಡವನ್ನು ಯಾರು ಯಾರಿಗೆ ಹಾಕಬೇಕು ಅಂತ ನನಗಂತೂ ಹೊಳೆಯುವುದಿಲ್ಲ.

ತೊಂದರೆ ಶುರುವಾಗುವುದು ಬೆಂಕಿ ಬಿದ್ದ ಜಾಗ ಯಾರದ್ದು ಅನ್ನುವಲ್ಲಿ. ಈ ಜಿಲ್ಲೆಗಳ ನೆಲದ ಗೋಜಲು ಗೊತ್ತಲ್ಲ: ಮೀಸಲು ಅರಣ್ಯ, ಸೆಕ್ಷನ್ 4 ಆಗಿ ಕೊನೆಯ ಘೋಷಣೆಯಾದ ಸೆಕ್ಷನ್ 17 ಆಗದೆ ನಿಂತ ಜಾಗ, ಸಾಗುವಳಿಗೆ ಯೋಗ್ಯವಲ್ಲ ಅಂತ ಗುರುತಿಸಿದ ಸಿ ಅಂಡ್ ಡಿ ಜಾಗ, ಗೋಮಾಳ, ಕಾನು ಕಾಡು, ಡೀಮ್ಡ್. ಈ ಡೀಮ್ಡ್ ಅರಣ್ಯವನ್ನೇ ರಾಜ್ಯ ಸರ್ಕಾರ 2022ರಲ್ಲಿ 9.94 ಲಕ್ಷ ಹೆಕ್ಟೇರಿನಿಂದ 3.3 ಲಕ್ಷಕ್ಕೆ ಇಳಿಸಿತು. ಗೋಮಾಳದಲ್ಲಿ ಹಚ್ಚಿದ ಬೆಂಕಿ ಕಾಡಿಗೆ ನುಗ್ಗಿದರೆ ಅರಣ್ಯ ಇಲಾಖೆ ಕಂದಾಯದ ಕಡೆ ಕೈ ತೋರಿಸುತ್ತದೆ, ಕಂದಾಯದವರು ಪಂಚಾಯಿತಿ ಕಡೆ. ಮಾಲಿನ್ಯ ಮಂಡಳಿಯ ಕೆಲಸವೆಲ್ಲ ಕಾರ್ಖಾನೆಗಳ ಸುತ್ತ. ಇಲ್ಲಿನ ಬೆಳೆಗಾರರಿಗೆ ಮಂಡಳಿ ಅಂದರೆ ನೆನಪಾಗುವುದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್‌ನ ಕೊಳೆ ನೀರು. ಗುಡ್ಡ ಉರಿದಾಗ ಅವರನ್ನು ಯಾರೂ ಕರೆಯುವುದಿಲ್ಲ, ಅವರಾಗಿ ಬರುವುದೂ ಇಲ್ಲ.

ಕಾಡಿನೊಳಗೇ ಬಿದ್ದ ಬೆಂಕಿಯಾದರೂ ಕೇಸು ಎಲ್ಲಿಗೆ ಹೋಗುತ್ತದೆ? ಬಹುಪಾಲು ಅಪರಿಚಿತರ ವಿರುದ್ಧ ದಾಖಲಾಗಿ ಅಲ್ಲೇ ನಿಲ್ಲುತ್ತದೆ. ಹಚ್ಚಿದವನು ಹೋಗಿ ಎರಡು ಗಂಟೆಯಾದ ಮೇಲೆ ಬೆಂಕಿ ಕಾಣುತ್ತದೆ, ಸಾಕ್ಷಿ ಬೂದಿಯಾಗಿರುತ್ತದೆ, ಕಂಡವರು ಹೇಳುವುದಿಲ್ಲ. ಯಾಕೆ ಹೇಳಬೇಕು ಹೇಳಿ? ಅದೇ ಊರಲ್ಲಿ ಬದುಕಬೇಕು. ಗಾರ್ಡ್‌ಗೂ ಅದೇ ಕಷ್ಟ. ನಾಳೆ ಆನೆ ಬಂದರೆ ಅವನಿಗೆ ಊರಿನವರ ಫೋನೇ ಗತಿ, ಮರ ಕಡಿದ ಸುಳಿವು ಕೊಡುವುದೂ ಅವರೇ. ಹುಲ್ಲಿಗೆ ಕಡ್ಡಿ ಗೀರಿದ ಮುದುಕನ ಮೇಲೆ ಕೇಸು ಹಾಕಿ ಇಡೀ ಊರನ್ನು ಎದುರು ಹಾಕಿಕೊಳ್ಳಲು ಯಾವ ಗಾರ್ಡ್‌ಗೂ ಮನಸ್ಸು ಬರುವುದಿಲ್ಲ. ಇದನ್ನು ಭ್ರಷ್ಟಾಚಾರ ಅನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಒಬ್ಬ ಮನುಷ್ಯನಿಗೆ ಮೂರು ಗುಡ್ಡ ಕೊಟ್ಟು, ಕೈಗೊಂದು ಬ್ಲೋವರ್ ಕೊಟ್ಟು, ಅದೂ ಇಲ್ಲದ ಕಡೆ ಹಸಿ ಸೊಪ್ಪಿನ ಕೊಂಬೆಯಲ್ಲೇ ಬೆಂಕಿ ಬಡಿ ಅಂತ ಕಳಿಸಿ, ಆಮೇಲೆ ಆರೋಪಿ ಎಲ್ಲಿ ಅಂತ ಕೇಳಿದರೆ ಅವನೇನು ಮಾಡಬೇಕು.

2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ಜೊತೆಗಿದ್ದವರಿಗೂ ಗಾಯಗಳಾದವು. ಕಡಿದಾದ ಗುಡ್ಡದಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ, ಮೇಲೆ ನಿಂತವನಿಗೆ ಓಡಲು ಜಾಗ ಇರುವುದಿಲ್ಲ. ಇಂಥ ಕೆಲಸಕ್ಕೆ ಗಾರ್ಡ್‌ಗಳ ಜೊತೆ ಹೋಗುವುದು ಬೇಸಿಗೆಗೆಂದು ದಿನಗೂಲಿ ಮೇಲೆ ತೆಗೆದುಕೊಂಡ ಫೈರ್ ವಾಚರ್‌ಗಳು. ಹೆಚ್ಚಿನವರು ಅದೇ ಊರಿನ ಹುಡುಗರು.

ಇಲ್ಲಿ ದುಡ್ಡಿನ ಕ್ಯಾಲೆಂಡರ್ ಒಂದು ವಿಚಿತ್ರ. ಬೆಂಕಿಯ ಸೀಸನ್ ಜನವರಿಯಿಂದ ಮೇ ತನಕ. ಸರ್ಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಂದರೆ ಕಾಡು ಅತಿ ಒಣಗಿರುವ ಹೊತ್ತಿಗೆ ಕಚೇರಿಯಲ್ಲಿ ಹಳೇ ಬಿಲ್ಲು ಮುಗಿಸುವ ಗಡಿಬಿಡಿ, ಏಪ್ರಿಲ್‌ನಲ್ಲಿ ಹೊಸ ವರ್ಷದ ಹಣಕ್ಕೆ ಕಾಯುವುದು. ಕಾಡಿನ ಬೆಂಕಿ ತಡೆಗೆಂದೇ ಕೇಂದ್ರದ ಯೋಜನೆಯೊಂದು 2017-18ರಿಂದ ಇದೆ, 60 ಪಾಲು ಕೇಂದ್ರ, 40 ಪಾಲು ರಾಜ್ಯ. ಎರಡು ಕಡೆಯಿಂದ ಬರಬೇಕಾದ ಹಣ. ಬೆಂಕಿ ದಾಟದಂತೆ ಹುಲ್ಲು ತೆಗೆದೋ ಸುಟ್ಟೋ ಬಿಡುವ ಖಾಲಿ ಪಟ್ಟಿ, ಅಂದರೆ ಫೈರ್ ಲೈನ್ ಕೆಲಸವೋ ಡಿಸೆಂಬರ್, ಹೆಚ್ಚೆಂದರೆ ಜನವರಿಯಲ್ಲಿ ಮುಗಿಯಬೇಕು, ಹುಲ್ಲು ಇನ್ನೂ ಅರೆಹಸಿ ಇರುವಾಗ. ತಡವಾದರೆ ಫೈರ್ ಲೈನ್ ಸುಡಲು ಹಚ್ಚಿದ ಬೆಂಕಿಯೇ ಕೈ ತಪ್ಪಬಹುದು.

ಇನ್ನು ವರದಿಯ ವಿಷಯ. ಯಾವ ವಲಯದಲ್ಲಿ ಜಾಸ್ತಿ ಸುಟ್ಟಿತೋ ಆ ಅಧಿಕಾರಿಗೆ ಕೆಟ್ಟ ಹೆಸರು. ಹಾಗಿದ್ದರೆ ಯಾರು ತಾನೇ ಪೂರ್ತಿ ಲೆಕ್ಕ ಬರೆಯುತ್ತಾರೆ? ಕಡಿಮೆ ತೋರಿಸಿದರೆ ಮುಂದಿನ ವರ್ಷ ಕಡಿಮೆ ವಾಚರ್‌ಗಳು ಸಿಗುತ್ತಾರೆ, ಆದರೂ ಕಡಿಮೆ ತೋರಿಸುವುದೇ ಸುರಕ್ಷಿತ. ಉಪಗ್ರಹ ಬಂದ ಮೇಲೆ ಇದು ಸ್ವಲ್ಪ ಬದಲಾಗಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ಸುಮಾರು 4,400 ಹೆಕ್ಟೇರ್ ಸುಟ್ಟಿದೆ ಅಂತ ಲೆಕ್ಕ ಕೊಟ್ಟದ್ದು ಇಸ್ರೋದ ಹೈದರಾಬಾದ್ ಕೇಂದ್ರ. ದೇಶವೇ ನೋಡಿತು, ವಾಯುಪಡೆಯ ಹೆಲಿಕಾಪ್ಟರ್ ನೀರು ತಂದು ಸುರಿಯಿತು. ನಮ್ಮ ಕಡೆ ಒಂದೇ ಸಲ ಅಷ್ಟು ಸುಡುವುದಿಲ್ಲ. ಇಲ್ಲಿ 5 ಎಕರೆ, ಅಲ್ಲಿ 20 ಎಕರೆ, ನಾಳೆ ಇನ್ನೊಂದು ಗುಡ್ಡ. ಹೆಲಿಕಾಪ್ಟರ್ ಕರೆಯುವಷ್ಟು ದೊಡ್ಡದಲ್ಲ. ಆದರೆ ಇಂಥ ಚಿಲ್ಲರೆ ಬೆಂಕಿಗಳೇ ವಾರಗಟ್ಟಲೆ ಕಣಿವೆಯಲ್ಲಿ ಹೊಗೆ ಆರದಂತೆ ನೋಡಿಕೊಳ್ಳುತ್ತವೆ. ಅದೂ ಅಲ್ಲದೆ ಈಗ ಹೆಚ್ಚು ಬಳಕೆಯಲ್ಲಿರುವ ವಿಐಐಆರ್‌ಎಸ್ ಅನ್ನುವ, ನೆಲದ ಬೆಂಕಿಯ ಬಿಸಿ ಗುರುತಿಸುವ ಉಪಕರಣ ಹೊತ್ತ ಉಪಗ್ರಹ ನಮ್ಮ ತಲೆ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ ಕಳೆದು ಒಂದೂವರೆ ಹೊತ್ತಿಗೆ. ಅದರ ಚಿತ್ರದ ಒಂದು ಚೌಕ ಅಂದರೆ ನೆಲದ ಮೇಲೆ 375 ಮೀಟರ್. ಸಂಜೆ ಐದಕ್ಕೆ ಹಚ್ಚಿ ಒಂಬತ್ತಕ್ಕೆ ಆರಿದ ಬೆಂಕಿ, ದಟ್ಟ ಮರಗಳ ಕೆಳಗೆ ಕನಲುವ ತರಗು, ಇವು ಅದಕ್ಕೆ ತಪ್ಪಿಹೋಗಬಹುದು.

ಹಾಗಾದರೆ ಬೆಂಕಿಯನ್ನೇ ಪೂರ್ತಿ ನಿಲ್ಲಿಸಬೇಕಾ? ಇಲ್ಲಿ ನನಗೆ ಇಲಾಖೆಯ ಪೋಸ್ಟರುಗಳ ಜೊತೆ ಜಗಳ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುಂಚೆಯೇ, ನೆಲ ಇನ್ನೂ ತಂಪಿರುವಾಗ, ತರಗು ಬೆಂಕಿ ಹಾಕುತ್ತಿದ್ದರು. ಸಣ್ಣ ಬೆಂಕಿ, ಕಾಲುಮಟ್ಟದ್ದು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು ಅಂತ ಅವರು ಹೇಳುತ್ತಾ ಬಂದಿದ್ದಾರೆ. ಒಪ್ಪುವ ವಿಜ್ಞಾನಿಗಳಿದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಒಂದು ಮಾತು ಖಚಿತ: ವರ್ಷಗಟ್ಟಲೆ ಸುಡದೆ, ಮೇಯಿಸದೆ, ಕಡಿಯದೆ ಬಿಟ್ಟ ಜಾಗದಲ್ಲಿ ಒಣ ಸರಕು ರಾಶಿ ಬೀಳುತ್ತದೆ, ಅದಕ್ಕೆ ಮಾರ್ಚ್‌ನಲ್ಲಿ ಬೆಂಕಿ ತಗುಲಿದರೆ ಲಂಟಾನ ಏಣಿಯಾಗಿ ಜ್ವಾಲೆ ಮರದ ತುದಿಗೆ ಹತ್ತುತ್ತದೆ. ಡಿಸೆಂಬರ್‌ನ ಸಣ್ಣ ಹೊಗೆ, ಮಾರ್ಚ್‌ನ ದೊಡ್ಡ ಹೊಗೆ, ಎರಡರಲ್ಲಿ ಆರಿಸಿಕೊಳ್ಳಬೇಕಾಗಿ ಬಂದರೆ ನಾನು ಡಿಸೆಂಬರ್‌ನದ್ದನ್ನೇ ಆರಿಸುತ್ತೇನೆ. ಗುಡ್ಡದ ಮಡಿಲಿನ ಶೋಲಾ ಕಾಡಿನ ಅಂಚಿನಲ್ಲಿ ಅದೂ ಬೇಡ. ಆ ತೇವದ ಕಾಡು ಒಮ್ಮೆ ಅಂಚಿನಿಂದ ಸುಟ್ಟು ಹಿಂದೆ ಸರಿದರೆ ಮತ್ತೆ ಮುಂದೆ ಬರಲು ದಶಕಗಳು ಬೇಕು.

ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಥೆ ಈ ಮಟ್ಟಿಗೆ ನೋಡಬೇಕಾದ್ದು. ಅದೂ ಗುಡ್ಡಗಳ ನಡುವಿನ ಊರು, ಪ್ರವಾಸಿಗರ ಊರು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು ಮತ್ತು ಹೊಲದ ಬೆಂಕಿಯ ಹೊಗೆ. ನಮಗಿಂತ ಎಷ್ಟೋ ಪಾಲು ಜಾಸ್ತಿ. ಆ ತಿಂಗಳುಗಳಲ್ಲಿ ಲೋಕದ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯ ತುದಿಗೆ ಹೋಗಿಬರುತ್ತದೆ. ಅಲ್ಲಿನ ಜನ ಸರ್ಕಾರದ ಮೇಲೆ ಕೇಸು ಹಾಕಿದರು. 2024ರ ಜನವರಿಯಲ್ಲಿ ಅಲ್ಲಿನ ಆಡಳಿತ ನ್ಯಾಯಾಲಯ 90 ದಿನದೊಳಗೆ ತುರ್ತು ಯೋಜನೆ ಮಾಡಿ ಅಂತ ಪ್ರಧಾನಿಗೇ ಹೇಳಿತು. ಅದರಿಂದ ಹೊಗೆ ನಿಂತಿಲ್ಲ, ಅದು ಬೇರೆ ಮಾತು. ಆದರೆ ಅವರು ಕೋರ್ಟಿಗೆ ಹೋದದ್ದು ಎಕರೆ ಲೆಕ್ಕ ಹಿಡಿದುಕೊಂಡಲ್ಲ, ಉಸಿರಿನ ಲೆಕ್ಕ ಹಿಡಿದುಕೊಂಡು. ನಮ್ಮಲ್ಲಿ ಯಾರಾದರೂ ಕೋರ್ಟಿಗೆ ಹೋಗುತ್ತೇನೆಂದರೆ ಮೂಡಿಗೆರೆಯ ಮಾರ್ಚ್ ತಿಂಗಳ ಗಾಳಿ ಹೇಗಿತ್ತು ಅಂತ ತೋರಿಸಲು ಏನು ಕಾಗದ ಇಟ್ಟುಕೊಂಡು ಹೋಗಬೇಕು?

ಹಾಗಾಗಿ ನನಗೆ ಜೈಲು ಶಿಕ್ಷೆ ಜಾಸ್ತಿ ಮಾಡಿ ಅನ್ನುವ ಬೇಡಿಕೆಯಲ್ಲಿ ಆಸಕ್ತಿ ಇಲ್ಲ. ಇರುವ ಮೂರು ವರ್ಷವನ್ನೇ ಯಾರಿಗೂ ಕೊಡಲಾಗುತ್ತಿಲ್ಲ, ಏಳು ವರ್ಷ ಬರೆದುಕೊಂಡು ಏನು ಮಾಡುವುದು. ಮೊದಲು ಹೊಗೆ ಲೆಕ್ಕಕ್ಕೆ ಬರಬೇಕು. ಮೂಡಿಗೆರೆ, ಕಳಸ, ಸಕಲೇಶಪುರದಂಥ ಕಡೆ ಸಣ್ಣ ಸೆನ್ಸರ್‌ಗಳನ್ನು ಶಾಲೆ, ಆಸ್ಪತ್ರೆ ಮೇಲೆ ಕೂರಿಸಲು ಭಾರೀ ಖರ್ಚಿಲ್ಲ. ದಿನದ ಸರಾಸರಿ ಬೇಡ, ಗಂಟೆಗಂಟೆಯ ಅಂಕಿ ಹೊರಗೆ ಹಾಕಲಿ. ಅದು ಇಂತಿಷ್ಟು ದಾಟಿದರೆ ಡಿಸಿ ಸಭೆ ಕರೆಯಬೇಕು, ಅರಣ್ಯ, ಕಂದಾಯ, ಮಾಲಿನ್ಯ ಮಂಡಳಿ, ನಗರಸಭೆ ಒಂದೇ ಮೇಜಿಗೆ ಬರಬೇಕು ಅಂತ ಒಂದು ಆದೇಶ ಇರಲಿ. ಗ್ರಾಮ ಅರಣ್ಯ ಸಮಿತಿಗಳು 1993ರಿಂದ ಇವೆ, ಬಹಳಷ್ಟು ಕಡೆ ಕಾಗದದ ಮೇಲೆ. ಮೇ ತನಕ ಸುಡದೆ ಉಳಿದ ಊರಿನ ಸಮಿತಿಗೆ ವಾಚರ್ ಕೂಲಿಯ ಹಣವನ್ನು ನೇರವಾಗಿ ಕೊಟ್ಟರೆ ಕಡ್ಡಿ ಗೀರುವವನನ್ನು ತಡೆಯಲು ಊರಿಗೇ ಒಂದು ಕಾರಣ ಸಿಗುತ್ತದೆ. ಮೇವಿನ ಜಗಳವನ್ನು ಮಾತ್ರ ಮುಂದೆ ಹಾಕಬೇಡಿ. ದನ ಬಿಡಲು ಜಾಗ ಎಲ್ಲಿ ಅಂತ ಹೇಳದೆ ಬೆಂಕಿ ಹಾಕಬೇಡಿ ಅಂದರೆ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಆಗುವ ತನಕ ಕಾಯಬೇಕಿಲ್ಲ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಮೊಬೈಲ್ ನಂಬರ್ ಕೊಟ್ಟು ತಮ್ಮ ಜಿಲ್ಲೆಯ ಬೆಂಕಿ ಎಚ್ಚರಿಕೆ ತರಿಸಿಕೊಳ್ಳಬಹುದು, ಅಧಿಕಾರಿಯೇ ಆಗಿರಬೇಕೆಂದಿಲ್ಲ. ಕಲ್ಯಾಣ ನಗರದ ಕೇಂದ್ರದ ಗಂಟೆವಾರು ಅಂಕಿ ಕೇಂದ್ರ ಮಾಲಿನ್ಯ ಮಂಡಳಿಯ ಸೈಟಿನಲ್ಲಿದೆ. ಎರಡನ್ನೂ ಒಂದು ಸೀಸನ್ ಪಕ್ಕಪಕ್ಕ ಬರೆದಿಟ್ಟರೆ ಜಿಲ್ಲೆಯಲ್ಲಿ ಬೆಂಕಿ ಬಿದ್ದ ರಾತ್ರಿಗಳಲ್ಲಿ ನಗರದ ಗಾಳಿ ಏನಾಯಿತು ಅಂತ ಮೊದಲ ಸಲ ಕಾಣುತ್ತದೆ. ಹಳ್ಳಿಯದ್ದು ಆಗಲೂ ಕಾಣುವುದಿಲ್ಲ, ಅದಕ್ಕೆ ಯಂತ್ರವೇ ಬೇಕು. ಡಿಸೆಂಬರ್‌ನಲ್ಲಿ ಗ್ರಾಮಸಭೆ ನಡೆದರೆ ಅಲ್ಲಿ ಕೇಳಬೇಕಾದ್ದು ಎರಡು: ನಮ್ಮ ಗುಡ್ಡದ ಫೈರ್ ಲೈನ್ ಯಾವ ತಾರೀಖಿಗೆ ಮುಗಿಯುತ್ತದೆ, ಹೋದ ವರ್ಷದ ವಾಚರ್‌ಗಳಿಗೆ ಕೂಲಿ ಪೂರ್ತಿ ಕೊಟ್ಟಾಗಿದೆಯಾ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.